ಬರ ಬಂದರೆ ಯುದ್ಧವಾಗುತ್ತದೆಯೇ?

ಪ್ರಶ್ನೆ: ಹವಾಮಾನ ಬದಲಾದಂತೆ ಬರ ಹೆಚ್ಚುತ್ತದೆ, ಜನ ಊರು ಬಿಟ್ಟು ಪಟ್ಟಣ ಸೇರುತ್ತಾರೆ, ಅಲ್ಲಿ ನೀರಿಗೆ, ಕೆಲಸಕ್ಕೆ ಜಗಳ ಹತ್ತಿ ಕೊನೆಗೆ ಯುದ್ಧವೇ ಆಗುತ್ತದೆ ಎಂದು ಹಲವು ಕಡೆ ಓದಿದ್ದೇನೆ. ಸಿರಿಯಾ ಇದಕ್ಕೆ ಸಾಕ್ಷಿ ಎನ್ನುತ್ತಾರೆ. ಇದು ಎಷ್ಟು ನಿಜ? 2050ರ ಹೊತ್ತಿಗೆ 20 ಕೋಟಿ ಜನ ಹವಾಮಾನ ನಿರಾಶ್ರಿತರಾಗಿ ಬೇರೆ ದೇಶಗಳಿಗೆ ನುಗ್ಗುತ್ತಾರೆ ಎನ್ನುವ ಮಾತನ್ನು ನಂಬಬಹುದೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಕೊಂಡಿಗಳಿವೆ. ಹವಾಮಾನದಿಂದ ವಲಸೆ, ವಲಸೆಯಿಂದ ಜಗಳ, ಜಗಳದಿಂದ ಯುದ್ಧ. ಓದುವಾಗ ಒಂದರ ಹಿಂದೆ ಒಂದು ಸಲೀಸಾಗಿ ಬರುತ್ತದೆ. ಆದರೆ ನಿಜವಾಗಿ ನಡೆದ ಘಟನೆಗಳನ್ನು ಬಿಚ್ಚಿ ನೋಡಿದರೆ ನಡುವಿನ ಕೊಂಡಿಯೇ ಎಲ್ಲಕ್ಕಿಂತ ಸಡಿಲ. ಇನ್ನೂ ಒಂದು ವಿಷಯವಿದೆ. ಇದೇ ಸಂಬಂಧ ಉಲ್ಟಾ ದಿಕ್ಕಿನಲ್ಲೂ ನಡೆಯುತ್ತದೆ: ಮೊದಲು ಯುದ್ಧ, ಆಮೇಲೆ ಹವಾಮಾನದ ಅನಾಹುತ. ಆ ದಿಕ್ಕಿನ ಸಂಬಂಧ ಬಹಳ ಗಟ್ಟಿ. ಅದರ ಬಗ್ಗೆ ಮಾತಾಡುವವರು ಮಾತ್ರ ಕಡಿಮೆ.

ನೀವು ಸಿರಿಯಾ ಕೇಳಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ.

ಸಿರಿಯಾದಲ್ಲಿ 2006ರ ಚಳಿಗಾಲದಿಂದ ಸುಮಾರು 2010ರವರೆಗೆ ಭಾರಿ ಬರ ಇದ್ದದ್ದು ನಿಜ. ಅದರಲ್ಲೂ 2007-08 ತೀರಾ ಕೆಟ್ಟ ವರ್ಷ. ಹೆಚ್ಚು ಹೊಡೆತ ಬಿದ್ದದ್ದು ಈಶಾನ್ಯದ ಹಸಾಕಾ ಭಾಗಕ್ಕೆ. ಅದು ಗೋಧಿ, ಹತ್ತಿ ಬೆಳೆಯುವ ಸೀಮೆ. ಇಂಥ ಬರ ಬರುವ ಸಾಧ್ಯತೆಯನ್ನು ಭೂಮಿಯ ತಾಪ ಏರಿಕೆ ಎರಡು ಮೂರು ಪಟ್ಟು ಹೆಚ್ಚಿಸಿತ್ತು ಎಂದು 2015ರಲ್ಲಿ ಬಂದ ಒಂದು ಅಧ್ಯಯನ ಹೇಳಿತು. ಆ ಅಧ್ಯಯನ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ನೀವು ಓದಿದ ಕಥೆಯ ಬೇರು ಹೆಚ್ಚೂಕಮ್ಮಿ ಅಲ್ಲೇ ಇದೆ.

ಈಗ ಹತ್ತಿರದಿಂದ ನೋಡಿ. ಹಸಾಕಾದ ರೈತ ಮಳೆಯೊಂದನ್ನೇ ನಂಬಿ ಕೂತಿರಲಿಲ್ಲ. ಗೋಧಿಯಲ್ಲಿ ದೇಶ ಸ್ವಾವಲಂಬಿ ಆಗಬೇಕೆಂದು ಸರ್ಕಾರವೇ ವರ್ಷಾನುಗಟ್ಟಲೆ ನೀರಾವರಿಗೆ ಕುಮ್ಮಕ್ಕು ಕೊಟ್ಟಿತ್ತು. ಬರ ಬರುವ ಹೊತ್ತಿಗೆ ದೇಶದಲ್ಲಿ ಬಾವಿಗಳ ಸಂಖ್ಯೆ 2 ಲಕ್ಷ ದಾಟಿತ್ತು. ಅಂತರ್ಜಲ ಪಾತಾಳಕ್ಕೆ ಇಳಿದಿತ್ತು. ನೀರು ಮೇಲೆತ್ತಲು ಡೀಸೆಲ್ ಪಂಪೇ ಗತಿ. ಬರದ ನಟ್ಟನಡುವೆ, 2008ರ ಮೇ ತಿಂಗಳಲ್ಲಿ, ಸರ್ಕಾರ ಡೀಸೆಲ್ ಸಬ್ಸಿಡಿ ಕಡಿತ ಮಾಡಿತು. ಬೆಲೆ ಒಂದೇ ಏಟಿಗೆ ಮೂರು ಪಟ್ಟು ದಾಟಿತು. ಮರುವರ್ಷ ಗೊಬ್ಬರದ ಸಬ್ಸಿಡಿಯೂ ಹೋಯಿತು. ಬಾವಿಯಲ್ಲಿ ಇನ್ನೂ ಸ್ವಲ್ಪ ನೀರಿದ್ದವನೂ ಅದನ್ನು ಎತ್ತಲಾರದೆ ಕೂತ. ಅವನು ಊರು ಬಿಟ್ಟದ್ದು ಬರದಿಂದಲೋ ಡೀಸೆಲ್‌ನಿಂದಲೋ? ಅವನನ್ನೇ ಕೇಳಿದರೂ ಬೇರೆ ಬೇರೆ ಮಾಡಿ ಹೇಳಲಾರ.

ಎಷ್ಟು ಜನ ಹೋದರು ಎನ್ನುವುದರಲ್ಲೂ ಗೊಂದಲವಿದೆ. 15 ಲಕ್ಷ ಎನ್ನುವ ಅಂಕಿ ಎಲ್ಲ ಕಡೆ ಓಡಾಡುತ್ತದೆ. ಆ ಕಾಲದ ವರದಿಗಳನ್ನು ಮತ್ತೆ ತೆಗೆದು ನೋಡಿದ ಸಂಶೋಧಕರಿಗೆ ಸಿಕ್ಕಿದ್ದು 40ರಿಂದ 60 ಸಾವಿರ ಕುಟುಂಬಗಳ ಲೆಕ್ಕ, ಅಂದರೆ ಸುಮಾರು 3 ಲಕ್ಷ ಜನ. ಇದೇನೂ ಸಣ್ಣ ಸಂಖ್ಯೆಯಲ್ಲ. ಆದರೆ ಅದಕ್ಕೂ ಕೆಲವೇ ವರ್ಷ ಮೊದಲು ಇರಾಕಿನ ಯುದ್ಧದಿಂದ ತಪ್ಪಿಸಿಕೊಂಡು ಇದಕ್ಕಿಂತ ಹೆಚ್ಚು ಜನ ಸಿರಿಯಾದ ಪಟ್ಟಣಗಳಿಗೆ ಬಂದಿದ್ದರು. ಅವರಿಂದಾಗಿ ಯಾವ ಅಂತರ್ಯುದ್ಧವೂ ಹೊತ್ತಿಕೊಳ್ಳಲಿಲ್ಲ.

ಇನ್ನು ಕಿಡಿ ಹತ್ತಿದ್ದೆಲ್ಲಿ? ದಕ್ಷಿಣದ ದರಾ ಪಟ್ಟಣದಲ್ಲಿ, 2011ರ ಮಾರ್ಚ್‌ನಲ್ಲಿ. ಶಾಲೆಯ ಗೋಡೆಯ ಮೇಲೆ ಸರ್ಕಾರದ ವಿರುದ್ಧ ಬರೆದ ಹುಡುಗರನ್ನು ಹಿಡಿದೊಯ್ದು ಹಿಂಸೆ ಕೊಟ್ಟರು. ಬೀದಿಗಿಳಿದವರು ಆ ಹುಡುಗರ ಬಂಧುಗಳು, ಊರಿನ ನೆಂಟರಿಷ್ಟರು. ಊರಾಚೆ ಡೇರೆ ಹಾಕಿಕೊಂಡಿದ್ದ ವಲಸಿಗರು ಈ ಚಳವಳಿ ಕಟ್ಟಿದವರಲ್ಲ. ಅವರಿಗೆ ಅಲ್ಲಿ ಅಷ್ಟು ಪರಿಚಯವೂ ಇರಲಿಲ್ಲ, ಅಂಥ ಶಕ್ತಿಯೂ ಇರಲಿಲ್ಲ. ಪ್ರತಿಭಟನೆ ಯುದ್ಧವಾಗಿ ಬೆಳೆದದ್ದು ಅದಕ್ಕೆ ಗುಂಡಿನ ಉತ್ತರ ಸಿಕ್ಕಿದ್ದರಿಂದ. ಅದೇ ಬರ ಜೋರ್ಡಾನನ್ನೂ ಇರಾಕನ್ನೂ ಟರ್ಕಿಯ ಕೆಲ ಭಾಗವನ್ನೂ ತಟ್ಟಿತ್ತು. ಜೋರ್ಡಾನ್‌ನಲ್ಲಿ ಯುದ್ಧವಾಗಲಿಲ್ಲ.

ಹಾಗಾದರೆ ಬರಕ್ಕೂ ಇದಕ್ಕೂ ಸಂಬಂಧವೇ ಇಲ್ಲವೇ? ಇದೆ. ಹಳ್ಳಿಯ ಬದುಕು ಮುರಿದಾಗ ಸರ್ಕಾರದ ಮೇಲಿದ್ದ ಅಷ್ಟಿಷ್ಟು ನಂಬಿಕೆಯೂ ಹೋಯಿತು. ಆದರೆ ಎಲ್ಲವನ್ನೂ ಹವಾಮಾನದ ಮೇಲೆ ಹಾಕಿದರೆ ಯಾರಿಗೆ ಲಾಭ, ಯೋಚಿಸಿ. ಗುಂಡು ಹಾರಿಸಲು ಹೇಳಿದವರಿಗೆ, ಅಲ್ವಾ? ಈ ವಾದವನ್ನು ಸುಮ್ನೆ ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುವುದು ಇದೇ ಕಾರಣಕ್ಕೆ.

ಪ್ರಕೃತಿಯ ಹೊಡೆತವೊಂದು ಯುದ್ಧದ ದಾರಿಯಲ್ಲಿ ನಿಜವಾಗಿಯೂ ದೊಡ್ಡ ಪಾತ್ರ ವಹಿಸಿದ ಹಳೆಯ ಉದಾಹರಣೆ ಬೇಕೆಂದರೆ ನಾನು 1970ರ ಭೋಲಾ ಚಂಡಮಾರುತವನ್ನು ಹೇಳುತ್ತೇನೆ. ನವೆಂಬರ್ 12ರ ರಾತ್ರಿ ಅದು ಆಗಿನ ಪೂರ್ವ ಪಾಕಿಸ್ತಾನದ ಕರಾವಳಿಗೆ ಅಪ್ಪಳಿಸಿತು. ಸತ್ತವರು 3ರಿಂದ 5 ಲಕ್ಷ ಎಂದು ಅಂದಾಜು. ಪರಿಹಾರ ಕೆಲಸದಲ್ಲಿ ಸರ್ಕಾರ ಕಾಲೆಳೆಯಿತು. ಜನ ಅದನ್ನು ಮರೆಯಲಿಲ್ಲ. ಒಂದು ತಿಂಗಳೂ ತುಂಬುವ ಮೊದಲೇ ಚುನಾವಣೆ ಬಂತು. ಪೂರ್ವದ ಸ್ಥಾನಗಳನ್ನೆಲ್ಲ, ಎರಡನ್ನು ಬಿಟ್ಟು, ಬಂಗಾಳಿಗಳ ಪಕ್ಷವಾದ ಅವಾಮಿ ಲೀಗ್ ಬಾಚಿಕೊಂಡಿತು. ಆ ಫಲಿತಾಂಶವನ್ನು ಒಪ್ಪದೆ 1971ರ ಮಾರ್ಚ್‌ನಲ್ಲಿ ಸೈನ್ಯ ಜನರ ಮೇಲೆ ಬಿತ್ತು. ಸುಮಾರು 1 ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಇಲ್ಲಿ ಕ್ರಮ ಗಮನಿಸಿ. ಬಿರುಗಾಳಿ, ಸಿಟ್ಟು, ಮತ, ಸೈನ್ಯ, ಆಮೇಲೆ ವಲಸೆ. ಚಂಡಮಾರುತದಲ್ಲಿ ಎಲ್ಲ ಕಳೆದುಕೊಂಡವರು ಹೆಚ್ಚಿನವರು ಅಲ್ಲೇ ಉಳಿದಿದ್ದರು. ಕೋಟಿ ಜನರನ್ನು ಓಡಿಸಿದ್ದು ಬಂದೂಕು. ಜತೆಗೆ ಬಂಗಾಳಿ ಭಾಷೆಯ ಗಾಯ, ಅಧಿಕಾರ ಹಂಚಿಕೆಯ ಗಾಯ ಮೊದಲೇ ಇದ್ದವು. ಬಿರುಗಾಳಿ ಅವುಗಳನ್ನು ಕೆದಕಿತು, ಅಷ್ಟೆ.

ಈಗ ಉಲ್ಟಾ ದಿಕ್ಕಿಗೆ ಬರುತ್ತೇನೆ. ನನ್ನ ಲೆಕ್ಕದಲ್ಲಿ ಇಡೀ ವಿಷಯದ ತಿರುಳು ಇದೇ.

2010-11ರಲ್ಲಿ ಪೂರ್ವ ಆಫ್ರಿಕಾದಲ್ಲಿ ಬರ ಬಿತ್ತು. ಕೀನ್ಯಾ, ಇಥಿಯೋಪಿಯಾ, ಸೊಮಾಲಿಯಾ ಮೂರಕ್ಕೂ ಅದೇ ಬರ. ಕ್ಷಾಮ ಘೋಷಣೆಯಾದದ್ದು ಸೊಮಾಲಿಯಾದಲ್ಲಿ ಮಾತ್ರ. ಅಲ್ಲಿ ಸುಮಾರು 2.6 ಲಕ್ಷ ಜನ ಸತ್ತರು, ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಇಥಿಯೋಪಿಯಾದಲ್ಲಿ 2005ರಿಂದಲೇ ಬಡ ಕುಟುಂಬಗಳಿಗೆ ಕೂಲಿ ಇಲ್ಲವೇ ಕಾಳು ಕೊಡುವ ಸರ್ಕಾರಿ ಯೋಜನೆ ನಡೆಯುತ್ತಿತ್ತು. ಸೊಮಾಲಿಯಾದ ದಕ್ಷಿಣ ಭಾಗ ಅಲ್ ಶಬಾಬ್ ಎಂಬ ಉಗ್ರರ ಗುಂಪಿನ ಕೈಯಲ್ಲಿತ್ತು. ಅದು ನೆರವು ಸಂಸ್ಥೆಗಳನ್ನು ಹೊರಗಟ್ಟಿತ್ತು. ಭಯೋತ್ಪಾದಕರ ಕೈಗೆ ನೆರವು ಸೇರಿದರೆ ಕಾನೂನಿನ ತೊಡಕಾದೀತೆಂದು ಹೆದರಿ ಹೊರಗಿನವರೂ ಕೈ ಹಿಂದೆ ಎಳೆದುಕೊಂಡರು. ಜನ ನಡೆದುಕೊಂಡೇ ಕೀನ್ಯಾದ ದದಾಬ್ ಶಿಬಿರ ಸೇರಿದರು. ಆ ಶಿಬಿರದಲ್ಲಿ 4 ಲಕ್ಷಕ್ಕೂ ಮಿಕ್ಕಿ ಜನ ತುಂಬಿಕೊಂಡರು. ಮುಂದೆ 2020ರ ಕೊನೆಯಿಂದ ಇನ್ನೂ ಉದ್ದದ ಬರ ಬಂತು, ಸತತ ಐದು ಮಳೆಗಾಲ ಕೈಕೊಟ್ಟವು. ಆಗ ನೆರವು ತಡವಾಗಿಯಾದರೂ ದೊಡ್ಡ ಮಟ್ಟದಲ್ಲಿ ತಲುಪಿತು. ಸೊಮಾಲಿಯಾದಲ್ಲಿ 2022ರಲ್ಲಿ ಸುಮಾರು 43 ಸಾವಿರ ಹೆಚ್ಚುವರಿ ಸಾವುಗಳಾದವು ಎಂದು ಅಂದಾಜು. ಅದೂ ಘೋರವೇ. ಆದರೆ ಕ್ಷಾಮ ಘೋಷಿಸುವ ಹಂತಕ್ಕೆ ಹೋಗಲಿಲ್ಲ.

ಲಿಬಿಯಾದ ಡರ್ನಾ ಇನ್ನೊಂದು ಉದಾಹರಣೆ. ಪಟ್ಟಣದ ಮೇಲ್ಗಡೆ ಕಣಿವೆಯಲ್ಲಿ 1970ರ ದಶಕದ ಎರಡು ಅಣೆಕಟ್ಟುಗಳಿದ್ದವು. ಬಿರುಕು ಬಿಟ್ಟಿದ್ದವು, ದುರಸ್ತಿ ಆಗಬೇಕಿತ್ತು. 2010ರ ಕೊನೆಗೆ ವಿದೇಶಿ ಕಂಪನಿಯೊಂದು ಕೆಲಸ ಶುರು ಮಾಡಿತು. ಕೆಲವೇ ತಿಂಗಳಲ್ಲಿ ದಂಗೆ ಎದ್ದಿತು, ಕೆಲಸಗಾರರು ಬಿಟ್ಟು ಹೋದರು, ಮತ್ತೆ ಬರಲಿಲ್ಲ. ಆಮೇಲೆ ದೇಶದಲ್ಲಿ ಎರಡು ಸರ್ಕಾರ. ಡ್ಯಾಮ್ ಯಾರಿಗೂ ಬೇಡವಾಯಿತು. 2023ರ ಸೆಪ್ಟೆಂಬರ್ 10ರ ರಾತ್ರಿ ಡೇನಿಯಲ್ ಎಂಬ ಬಿರುಗಾಳಿಯ ಮಳೆ ಸುರಿದು ಎರಡೂ ಒಡೆದವು. ಊರಿನ ನಡುವಿನ ಭಾಗ ಜನರ ಸಮೇತ ಸಮುದ್ರಕ್ಕೆ ಕೊಚ್ಚಿಹೋಯಿತು. ಸಾವಿರಾರು ಜನ ಸತ್ತರು. ಅಂಥ ಮಳೆಯ ಸಾಧ್ಯತೆಯನ್ನು ತಾಪ ಏರಿಕೆ ಬಹಳ ಹೆಚ್ಚಿಸಿದೆ ಎಂದು ವಿಜ್ಞಾನಿಗಳು ಹೇಳಿದ್ದಾರೆ. ಮಳೆಯ ಮಟ್ಟಿಗೆ ಆ ಮಾತು ಸರಿ. ಒಡೆದ ಡ್ಯಾಮಿನ ಲೆಕ್ಕ ಹನ್ನೆರಡು ವರ್ಷಗಳ ಜಗಳಕ್ಕೆ ಸೇರಬೇಕು.

ನೀರು ಕಡಿಮೆಯಾದರೆ ಹೊಡೆದಾಟ ಹೆಚ್ಚಲೇಬೇಕು ಎಂದು ನಮಗೆಲ್ಲ ಅನಿಸುತ್ತದೆ. ಕೀನ್ಯಾದ ಉತ್ತರದ ಮರ್ಸಬಿಟ್ ಪ್ರದೇಶದಲ್ಲಿ ದನ ದೋಚುವ ದಾಳಿಗಳ ಹಳೆಯ ದಾಖಲೆಗಳನ್ನು ಮಳೆಯ ಲೆಕ್ಕದ ಪಕ್ಕ ಇಟ್ಟು ನೋಡಿದವರಿಗೆ ಬೇರೆಯೇ ಚಿತ್ರ ಕಂಡಿತು. ಮಳೆ ಚೆನ್ನಾಗಿ ಬಂದ ವರ್ಷಗಳಲ್ಲೇ ದಾಳಿ ಜಾಸ್ತಿ, ಸಾವೂ ಜಾಸ್ತಿ! ಕಾರಣ ದನ ಸಾಕುವವರಿಗೆ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಹುಲ್ಲು, ಪೊದೆ ಎತ್ತರ ಬೆಳೆದಿರುತ್ತವೆ, ಅಡಗಲು ಅನುಕೂಲ. ಕದ್ದ ದನಕ್ಕೆ ದೂರ ನಡೆಯುವ ತ್ರಾಣವಿರುತ್ತದೆ, ದಾರಿಯುದ್ದಕ್ಕೂ ನೀರು ಸಿಗುತ್ತದೆ. ಬರದಲ್ಲಿ ಬಡಕಲು ದನವನ್ನು ಹೊಡೆದುಕೊಂಡು ಹೋಗಿ ಏನು ಮಾಡುವುದು? ನಾಳೆ ಅದೇ ಎದುರಾಳಿಯ ಬಾವಿಗೇ ಹೋಗಬೇಕಲ್ಲ. ಹಾಗಾಗಿ ಬರದಲ್ಲಿ ಹಿರಿಯರು ಕೂತು ರಾಜಿ ಮಾಡಿಕೊಳ್ಳುತ್ತಾರೆ.

ಎಲ್ಲ ಕಡೆ ಹೀಗೇ ಎಂದು ನಾನು ಹೇಳುತ್ತಿಲ್ಲ. ಮಾಲಿ ದೇಶದಲ್ಲಿ ನೈಜರ್ ನದಿ ಹರಡಿಕೊಂಡು ಹರಿಯುವ ತಗ್ಗು ಪ್ರದೇಶದಲ್ಲಿ ರೈತರಿಗೂ ದನಗಾಹಿಗಳಿಗೂ ನಡುವೆ ರಕ್ತಪಾತವಾಗಿದೆ. ಅಲ್ಲಿ ನೆರೆ ಇಳಿದ ಮೇಲೆ ಉಳಿಯುವ ಬುರ್ಗು ಎಂಬ ಹುಲ್ಲು ಬೇಸಿಗೆಯಲ್ಲಿ ದನಗಳ ಜೀವ. ಆ ಹುಲ್ಲು ಬೆಳೆಯುವ ಜಾಗ ವರ್ಷವರ್ಷವೂ ಭತ್ತದ ಗದ್ದೆಯಾಗುತ್ತಾ ಬಂತು. ಅದಕ್ಕೆ ನೆರೆ ಕಡಿಮೆಯಾದದ್ದು ಒಂದು ಕಾರಣ. ಬೇಸಾಯಕ್ಕೇ ಒತ್ತು ಕೊಟ್ಟ ಸರ್ಕಾರದ ನೀತಿ ಇನ್ನೊಂದು. ದನ ಹೋಗುವ ಹಾದಿಗಳು ಮುಚ್ಚಿದವು. ದೂರು ಕೊಡಲು ಹೋದರೆ ಅಧಿಕಾರಿಗಳು ಎರಡೂ ಕಡೆ ಲಂಚ ತಿಂದು ವ್ಯಾಜ್ಯವನ್ನು ಎಳೆದರು. 2012ರ ನಂತರ ಬಂದೂಕು ಹಿಡಿದ ಗುಂಪುಗಳು ಬಂದು, ನಿಮಗೆ ನ್ಯಾಯ ನಾವು ಕೊಡಿಸುತ್ತೇವೆ ಎಂದವು. ಹಿಂದಿನಿಂದಲೂ ಅಲ್ಲಿ ಸುಗ್ಗಿ ಮುಗಿದ ಹೊಲಕ್ಕೆ ದನ ಬಿಟ್ಟುಕೊಳ್ಳುವ ವಾಡಿಕೆ ಇತ್ತು. ದನಕ್ಕೆ ಕೂಳೆ, ಹೊಲಕ್ಕೆ ಗೊಬ್ಬರ. ಮಳೆಯ ಹೊತ್ತು ಏರುಪೇರಾಗಿ ಪೈರು ನಿಂತಿರುವಾಗಲೇ ದನ ಬಂದರೆ ಈ ಹೊಂದಾಣಿಕೆ ಕೆಡುತ್ತದೆ. ಹವಾಮಾನ ಕೈಹಾಕುವುದು ಇಂಥ ಸಣ್ಣ ಸಣ್ಣ ಕಡೆ. ದೊಡ್ಡ ಅಂಕಿಗಳಲ್ಲಿ ಅದು ಕಾಣುವುದೇ ಇಲ್ಲ.

ಅಂಕಿಗಳ ಮಾತು ಬಂತು, ಸಂಶೋಧಕರು ಏನೆನ್ನುತ್ತಾರೆ ಎಂದೂ ಹೇಳಿಬಿಡುತ್ತೇನೆ. 2013ರಲ್ಲಿ ಅರವತ್ತು ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದ ತಂಡವೊಂದು, ತಾಪ ವಾಡಿಕೆಗಿಂತ ಒಂದು ಹಂತ (ಆ ಜಾಗದ ಸಾಮಾನ್ಯ ಏರಿಳಿತದಷ್ಟು) ಏರಿದರೆ ಅಥವಾ ಮಳೆ ಅಷ್ಟೇ ವಿಪರೀತವಾದರೆ ಗುಂಪುಗಳ ನಡುವಿನ ಸಂಘರ್ಷ ಶೇ. 14ರಷ್ಟು ಹೆಚ್ಚುತ್ತದೆ ಎಂದಿತು. ತಕ್ಷಣ ಇನ್ನೊಂದು ಪಾಳಯ ಎದ್ದು, ನೀವು ಆರಿಸಿಕೊಂಡ ಅಧ್ಯಯನಗಳೇ ಸರಿಯಿಲ್ಲ ಎಂದಿತು. ಜಗಳದ ಬಗ್ಗೆ ಓದುವವರು ತಾವೇ ಜಗಳಕ್ಕೆ ಬಿದ್ದರು ಅನ್ನಿ. 2019ರಲ್ಲಿ ಎರಡೂ ಕಡೆಯ ಹನ್ನೊಂದು ತಜ್ಞರನ್ನು ಕೂರಿಸಿ ಅಭಿಪ್ರಾಯ ಕೇಳಲಾಯಿತು. ಕಳೆದ ಶತಮಾನದ ಆಂತರಿಕ ಸಂಘರ್ಷಗಳ ಅಪಾಯದಲ್ಲಿ ಹವಾಮಾನದ ಪಾಲು ಶೇ. 3ರಿಂದ 20ರ ನಡುವೆ ಇರಬಹುದು ಎಂದು ಬಂತು. ಬಡತನ, ಕೈಲಾಗದ ಆಡಳಿತ, ಗುಂಪುಗಳ ನಡುವಿನ ಅಸಮಾನತೆ, ಹಿಂದೆ ನಡೆದ ಹಿಂಸೆ, ಇವೆಲ್ಲ ಅದಕ್ಕಿಂತ ಬಹಳ ಮುಂದೆ. ಮುಂದಿನ ದಿನಗಳಲ್ಲಿ ಹವಾಮಾನದ ಪಾಲು ಏರುತ್ತದೆ ಎಂಬುದಕ್ಕೂ ಅವರು ಒಪ್ಪಿದರು. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 2022ರ ವರದಿಯ ಧಾಟಿಯೂ ಹೆಚ್ಚೂಕಮ್ಮಿ ಇದೇ.

ಒಂದು ಎಚ್ಚರಿಕೆ. ಇಂಥ ಅಧ್ಯಯನಗಳು ಹೆಚ್ಚಾಗಿ ಆಫ್ರಿಕಾದ ಕೆಲವೇ ದೇಶಗಳ ಮೇಲೆ ನಡೆದಿವೆ. ಎಲ್ಲಿ ಮೊದಲೇ ಹೊಡೆದಾಟವಿದೆಯೋ, ಎಲ್ಲಿ ದಾಖಲೆ ಸುಲಭವಾಗಿ ಸಿಗುತ್ತದೋ, ಅಲ್ಲಿಗೇ ಎಲ್ಲರೂ ಹೋಗುತ್ತಾರೆ. ಬರ ಬಂದೂ ತಣ್ಣಗಿದ್ದ ಊರಿಗೆ ಯಾರೂ ಹೋಗುವುದಿಲ್ಲ.

ಇನ್ನು ವಲಸೆ. ಬರ ಬಂದಾಗ ಊರು ಬಿಡುವುದಕ್ಕೂ ಕೈಯಲ್ಲಿ ದುಡ್ಡು ಬೇಕು. ಇದನ್ನು ನಾವು ಮರೆತೇಬಿಡುತ್ತೇವೆ. ಮಾಲಿಯಲ್ಲಿ 1983-85ರ ಬರದಲ್ಲಿ ದೂರದ ಫ್ರಾನ್ಸ್‌ಗೆ ಹೋಗುವವರು ಕಡಿಮೆಯಾದರು. ಹತ್ತಿರದ ಊರುಗಳಿಗೆ ಕೆಲವು ತಿಂಗಳ ಮಟ್ಟಿಗೆ ಗುಳೆ ಹೋಗುವವರು, ಅದರಲ್ಲೂ ಹೆಂಗಸರು ಮಕ್ಕಳು, ಹೆಚ್ಚಾದರು. ದೂರ ಹೋಗಲು ಖರ್ಚಿಗೆ ಬೇಕಾದ ಬೆಳೆಯೇ ಒಣಗಿತ್ತಲ್ಲ! ಪಾಕಿಸ್ತಾನದ ಹಳ್ಳಿಗಳ ಕುಟುಂಬಗಳನ್ನು ಇಪ್ಪತ್ತು ವರ್ಷ ಹಿಂಬಾಲಿಸಿದ ಅಧ್ಯಯನವೊಂದಿದೆ. ನೆರೆ ಬಂದ ವರ್ಷಗಳಲ್ಲಿ ಗಂಡಸರು ಕಾಯಂ ಆಗಿ ಊರು ಬಿಟ್ಟದ್ದು ಅಷ್ಟಾಗಿ ಕಾಣಲಿಲ್ಲ. ವಿಪರೀತ ಸೆಕೆಯಿಂದ ಬೆಳೆ ಸೊರಗಿದ ವರ್ಷಗಳಲ್ಲಿ ಬಿಟ್ಟರು. ನೆರೆಗೆ ಪರಿಹಾರ ಬರುತ್ತದೆ, ಟಿವಿಯವರು ಬರುತ್ತಾರೆ. ಸೆಕೆಗೆ ಯಾರು ಬರುತ್ತಾರೆ? ಎಲ್ಲಿಗೂ ಹೋಗಲಾರದೆ ಸಿಕ್ಕಿಬಿದ್ದವರ ಪಾಡು ಹೋದವರ ಪಾಡಿಗಿಂತ ಕಷ್ಟ. ಗಡಿಗೆ ನುಗ್ಗುತ್ತಾರೆ ಎಂದು ಹೆದರಿಸುವವರ ಲೆಕ್ಕದಲ್ಲಿ ಇವರು ಇರುವುದೇ ಇಲ್ಲ.

ನಿಮ್ಮ 20 ಕೋಟಿಯ ವಿಷಯ. ಈ ಅಂಕಿ 1990ರ ದಶಕದಿಂದ ತಿರುಗಾಡುತ್ತಿದೆ. 2010ರೊಳಗೆ 5 ಕೋಟಿ ಪರಿಸರ ನಿರಾಶ್ರಿತರು ಎಂಬ ಇನ್ನೊಂದು ಭವಿಷ್ಯವೂ ಇತ್ತು. 2010 ಬಂತು, ಹೋಯಿತು. ಹಾಗೆ ಯಾರೂ ಕಾಣಲಿಲ್ಲ. ಅಪಾಯವಿರುವ ಜಾಗದಲ್ಲಿ ಎಷ್ಟು ಜನರಿದ್ದಾರೆ ಎಂದು ಎಣಿಸಿ, ಅವರೆಲ್ಲ ಹೊರಟೇ ಹೋಗುತ್ತಾರೆ ಎಂದುಕೊಂಡಿದ್ದೇ ಆ ಲೆಕ್ಕದ ದೋಷ. ವಿಶ್ವಬ್ಯಾಂಕ್ 2021ರಲ್ಲಿ ಮಾಡಿದ ಅಂದಾಜು ಇದಕ್ಕಿಂತ ನಾಜೂಕಾಗಿದೆ. 2050ರೊಳಗೆ ಆರು ಪ್ರದೇಶಗಳಲ್ಲಿ 21.6 ಕೋಟಿ ಜನರ ತನಕ ಜಾಗ ಬದಲಿಸಬೇಕಾಗಬಹುದು ಎನ್ನುತ್ತದೆ. ಆದರೆ ಅವರೆಲ್ಲ ತಮ್ಮ ದೇಶದ ಒಳಗೇ ಇರುತ್ತಾರೆ. ಈಗಿನಿಂದ ಸರಿಯಾದ ಕ್ರಮ ಕೈಗೊಂಡರೆ ಆ ಸಂಖ್ಯೆಯನ್ನು ಶೇ. 80ರಷ್ಟು ಇಳಿಸಬಹುದು ಎಂದೂ ಅದೇ ವರದಿ ಹೇಳುತ್ತದೆ. ಸುದ್ದಿಯಲ್ಲಿ ಬರುವುದು ಮೊದಲ ಅಂಕಿ ಮಾತ್ರ.

2024ರ ಲೆಕ್ಕ ನೋಡಿ. ಆ ವರ್ಷ ವಿಪತ್ತುಗಳಿಂದ ದೇಶದೊಳಗೇ ಜಾಗ ಬಿಟ್ಟು ಹೋಗಬೇಕಾದ ಸಂದರ್ಭಗಳು 4.58 ಕೋಟಿ. ಯುದ್ಧ, ಹಿಂಸೆಯಿಂದಾದದ್ದು 2.01 ಕೋಟಿ. ವಿಪತ್ತೇ ಎರಡು ಪಟ್ಟು ದೊಡ್ಡದು ಎನಿಸುತ್ತದೆ, ಅಲ್ವಾ? ಆದರೆ ವರ್ಷದ ಕೊನೆಗೆ ಇನ್ನೂ ಮನೆಗೆ ಮರಳದೆ ಉಳಿದವರನ್ನು, ಹಿಂದಿನ ವರ್ಷಗಳಲ್ಲಿ ಹೋದವರನ್ನೂ ಸೇರಿಸಿ, ಎಣಿಸಿದರೆ ವಿಪತ್ತಿನವರು 98 ಲಕ್ಷ, ಹಿಂಸೆಯವರು 7.35 ಕೋಟಿ. ಬಿರುಗಾಳಿಗೆ ಹೆದರಿ ಹೋದವರು ಬಹುಪಾಲು ವಾಪಸ್ ಬರುತ್ತಾರೆ. 4.58 ಕೋಟಿಯಲ್ಲಿ 1.1 ಕೋಟಿ ಅಮೆರಿಕದವೇ, ಚಂಡಮಾರುತಕ್ಕೆ ಮುಂಚೆ ಕಾರು ಹತ್ತಿ ಹೋದವರೂ ಸೇರಿ. ಯುದ್ಧ ಓಡಿಸಿದವರು ವರ್ಷಗಟ್ಟಲೆ ಬರುವುದಿಲ್ಲ.

ವಲಸೆ ಬಂದವರಿಂದ ಜಗಳವಾಗುತ್ತದೆಯೇ ಎಂಬ ಪ್ರಶ್ನೆಗೆ ಹಳೆಯ ಅಧ್ಯಯನವೊಂದು ಪರಿಸರ ಕೆಟ್ಟು ಜನ ಹೊರಟ 38 ಪ್ರಕರಣಗಳನ್ನು ನೋಡಿತ್ತು. ಸುಮಾರು ಅರ್ಧದಲ್ಲಿ ಏನೋ ಒಂದು ಘರ್ಷಣೆ, ಉಳಿದ ಅರ್ಧದಲ್ಲಿ ಇಲ್ಲ. ವ್ಯತ್ಯಾಸ ಎಲ್ಲಿದೆ ಎಂದರೆ ಹೆಚ್ಚಾಗಿ ಬರಮಾಡಿಕೊಳ್ಳುವ ಕಡೆ. 1930ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯಲ್ಲಿ ಬರ, ದೂಳಿನ ಬಿರುಗಾಳಿ, ಸಾಲ ಒಟ್ಟಿಗೆ ಬಂದು ಸುಮಾರು 25 ಲಕ್ಷ ಜನ ಊರು ಬಿಟ್ಟರು. ಕ್ಯಾಲಿಫೋರ್ನಿಯಾಕ್ಕೆ ಬಂದವರನ್ನು ತಡೆಯಲು 1936ರಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸ್ ಮುಖ್ಯಸ್ಥ ತನ್ನ ನೂರಕ್ಕೂ ಹೆಚ್ಚು ಪೊಲೀಸರನ್ನು ರಾಜ್ಯದ ಗಡಿಗೆ ಕಳಿಸಿದ. ಬಂದವರು ಅದೇ ದೇಶದವರು, ಅದೇ ಭಾಷೆ, ಹೆಚ್ಚಿನವರು ಅದೇ ಧರ್ಮ. ಆದರೂ ಬೈಗುಳ, ಲಾಠಿ ತಪ್ಪಲಿಲ್ಲ. ಹಿಂಸೆ ಮಾಡಿದ್ದು ಬಂದವರಲ್ಲ ಎನ್ನುವುದನ್ನೂ ನೆನಪಿಡಿ. ಬಡವರನ್ನು ರಾಜ್ಯದೊಳಗೆ ಕರೆತರುವುದೇ ಅಪರಾಧ ಎನ್ನುವ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 1941ರಲ್ಲಿ ಹೊಡೆದುಹಾಕಿತು.

ಕೊನೆಯದು, ಹವಾಮಾನ ನಿರಾಶ್ರಿತ ಎನ್ನುವ ಮಾತು. ಕಾನೂನಿನಲ್ಲಿ ಅಂಥವರು ಯಾರೂ ಇಲ್ಲ. 1951ರ ನಿರಾಶ್ರಿತರ ಒಪ್ಪಂದ ಕಿರುಕುಳಕ್ಕೆ ಹೆದರಿ ಬಂದವರಿಗೆ. ಸಮುದ್ರಕ್ಕೆ ಹೆದರಿ ಬಂದವರಿಗೆ ಅದರಲ್ಲಿ ಜಾಗವಿಲ್ಲ. ಪೆಸಿಫಿಕ್ ಸಾಗರದ ಕಿರಿಬಾಟಿಯ ಒಬ್ಬರು ನ್ಯೂಜಿಲೆಂಡಿನಲ್ಲಿ ಆಶ್ರಯ ಕೇಳಿದ್ದರು. ನೀವು ಕೇಳಿದ ಮೂರು ಕೊಂಡಿಗಳಲ್ಲಿ ಮೊದಲ ಎರಡೂ ಅವರ ಅರ್ಜಿಯಲ್ಲಿದ್ದವು. ಸಮುದ್ರ ಏರಿ ಸುತ್ತಲಿನ ದ್ವೀಪಗಳ ಜನ ಮುಖ್ಯ ದ್ವೀಪಕ್ಕೆ ಬಂದು ತುಂಬಿದ್ದಾರೆ, ಜಾಗಕ್ಕಾಗಿ ಹೊಡೆದಾಟ, ಕೊಲೆ ನಡೆದಿವೆ ಎಂದರು. ನೀವು ಅಂಥ ಹೊಡೆದಾಟಕ್ಕೆ ಸಿಲುಕಿಲ್ಲವಲ್ಲ ಎಂದು ಅರ್ಜಿ ತಿರಸ್ಕರಿಸಿ ವಾಪಸ್ ಕಳಿಸಿದರು. ದೂರು ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿಗೆ ಹೋಯಿತು. ಅವರಿಗೆ ಗೆಲುವು ಸಿಗಲಿಲ್ಲ. ಆದರೆ ಜೀವಕ್ಕೇ ಅಪಾಯವಾಗುವಷ್ಟು ಪರಿಸ್ಥಿತಿ ಕೆಟ್ಟಿರುವ ಕಡೆಗೆ ಯಾರನ್ನೂ ಹಿಂದಕ್ಕೆ ಕಳಿಸುವಂತಿಲ್ಲ ಎಂದು 2020ರಲ್ಲಿ ಹೊರಬಂದ ತೀರ್ಮಾನದಲ್ಲಿ ಸಮಿತಿ ಬರೆಯಿತು. ಮುಂದಿನ ಅರ್ಜಿದಾರರಿಗೆ ಅದು ಹಿಡಿದುಕೊಳ್ಳಲು ಸಿಕ್ಕ ಕೊಂಬೆ.

ಬೇರೆ ದಾರಿಯೂ ಇದೆ. ಪಕ್ಕದ ತುವಾಲು ದೇಶ 2023ರಲ್ಲಿ ಆಸ್ಟ್ರೇಲಿಯಾದ ಜತೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 280 ಜನ ಚೀಟಿ ಎತ್ತುವ ಮೂಲಕ ಅಲ್ಲಿಗೆ ಹೋಗಿ ಕಾಯಂ ನೆಲೆಸಬಹುದು. ಕೆಲಸ, ಓದು, ಆಸ್ಪತ್ರೆ ಸೌಲಭ್ಯ ಸಿಗುತ್ತದೆ, ಬೇಕೆಂದಾಗ ಊರಿಗೆ ಬಂದು ಹೋಗಬಹುದು. 2025ರ ಮೊದಲ ಸುತ್ತಿಗೆ ದೇಶದ ಶೇ. 80ಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಇದೇನೂ ಪುಕ್ಕಟೆ ಸಿಕ್ಕಿದ್ದಲ್ಲ. ತುವಾಲು ಇನ್ನು ಮುಂದೆ ಬೇರೆ ಯಾವ ದೇಶದ ಜತೆ ರಕ್ಷಣಾ ಒಪ್ಪಂದ ಮಾಡಿಕೊಳ್ಳುವುದಿದ್ದರೂ ಆಸ್ಟ್ರೇಲಿಯಾದ ಒಪ್ಪಿಗೆ ಪಡೆಯಬೇಕು.